ಐದೂವರೆ ಅಡಿಯ ಹಳಿ

ಪುತ್ತೂರು ಸೀಮೆಯ ಅಡಿಕೆ, ಅಕ್ಕಿ ತಲೆಹೊರೆಯಲ್ಲೂ ಎತ್ತಿನ ಬೆನ್ನಲ್ಲೂ ಪಾಣೆಮಂಗಳೂರಿಗೆ ಇಳಿದು, ಅಲ್ಲಿಂದ ದೋಣಿಯೇರಿ ನೇತ್ರಾವತಿಗುಂಟ ಮಂಗಳೂರು ಸೇರುತ್ತಿದ್ದ ಕಾಲವದು. ಆ ಸೀಮೆಯ ಕೆದಂಬಾಡಿಯಂಥ ಹಳ್ಳಿಗಳ ತೀರ್ವೆಯ ಲೆಕ್ಕ ಕೊನೆಗೆ ಹೋಗಿ ಮುಟ್ಟುತ್ತಿದ್ದುದು ದೂರದ ಮದ್ರಾಸಿಗೆ. ಆ ಮದ್ರಾಸಿಗೆ 1853ರಲ್ಲಿ ರೈಲ್ವೆಯ ಮುಖ್ಯ ಎಂಜಿನಿಯರನಾಗಿ ಬಂದವನು ಜಾರ್ಜ್ ಬಾರ್ಕ್ಲೆ ಬ್ರೂಸ್.

ಇಂಗ್ಲೆಂಡಿನ ನ್ಯೂಕ್ಯಾಸಲ್ ಊರಿನವನು, ಉಪಾಧ್ಯಾಯನ ಮಗ. ರಾಬರ್ಟ್ ಸ್ಟೀಫನ್‌ಸನ್ನನ ಕಾರ್ಖಾನೆಯಲ್ಲಿ ಕೆಲಸ ಕಲಿತು, ಬೆರಿಕ್ ಪಟ್ಟಣದ ಬಳಿ ಟ್ವೀಡ್ ನದಿಗೆ ಇಪ್ಪತ್ತೆಂಟು ಕಮಾನುಗಳ ಸೇತುವೆ ಕಟ್ಟುವಾಗ ಸ್ಥಳದಲ್ಲೇ ಇದ್ದು ಮೇಲ್ವಿಚಾರಣೆ ನಡೆಸಿದ್ದನು. 1850ರಲ್ಲಿ ವಿಕ್ಟೋರಿಯಾ ರಾಣಿಯೇ ಬಂದು ಅದನ್ನು ತೆರೆದಳು. ಮರುವರ್ಷ ಕಲ್ಕತ್ತೆಯ ಕೆಲಸ, ಬಳಿಕ ಮದ್ರಾಸು.

ಅಂದು ದೊಡ್ಡ ಕಾಮಗಾರಿಯೆಂದರೆ ಬಿಳಿಯ ಗುತ್ತಿಗೆದಾರರ ಪಾಲು. ಬ್ರೂಸ್ ಆ ರೂಢಿಯನ್ನು ಬಿಟ್ಟು, ಈ ನೆಲದ ಕೂಲಿಕಾರರನ್ನೇ ನೇರವಾಗಿ ದುಡಿಸಿದನು. ಬಲವಂತದ ದುಡಿತವಲ್ಲ, ಒಪ್ಪಿ ಬಂದವರಿಗೆ ಕೂಲಿ. ಇದರಲ್ಲಿ ಕರುಣೆ ಎಷ್ಟು, ಉಳಿತಾಯದ ಲೆಕ್ಕ ಎಷ್ಟು ಎಂದು ತೂಗುವುದು ಕಷ್ಟ, ಎರಡೂ ಇದ್ದಿರಬೇಕು. ಅಂತೂ ಮಣ್ಣು ಹೊತ್ತವರ ಹೆಸರು ಯಾವ ಕಡತದಲ್ಲೂ ಉಳಿಯಲಿಲ್ಲ, ಸಾಹೇಬನದು ಉಳಿಯಿತು.

ಸುಮಾರು ಐನೂರು ಮೈಲಿಯ ದಾರಿಗೆ ಗೆರೆ ಎಳೆದು, ಒಂದು ಪಾಲನ್ನು ಕಟ್ಟಿಸುವಷ್ಟರಲ್ಲಿ ಆರೋಗ್ಯ ಕೆಟ್ಟು ಅವನು 1856ರಲ್ಲಿ ತಾಯ್ನಾಡಿಗೆ ಮರಳಿದನು. ಅದೇ ವರ್ಷದ ಜುಲೈ 1ರಂದು ರಾಯಪುರಂನಿಂದ ವಾಲಾಜಾ ರೋಡಿನವರೆಗೆ ದಕ್ಷಿಣದ ಮೊದಲ ಪ್ರಯಾಣಿಕ ಗಾಡಿ ಓಡಿತು. ಹಳಿಗಳ ನಡುವಿನ ಅಗಲ ಐದೂವರೆ ಅಡಿ. ಅದು ಗವರ್ನರ್ ಜನರಲ್ ಡಾಲ್‌ಹೌಸಿಯ ಕಾಲದ ತೀರ್ಮಾನ. 1862ರ ವೇಳೆಗೆ ಆ ಹಳಿ ಪಶ್ಚಿಮ ಕರಾವಳಿಯ ಬೇಪೂರನ್ನು ಮುಟ್ಟಿತು. 1864ರಲ್ಲಿ ಜೋಲಾರಪೇಟೆಯಿಂದ ಕವಲೊಡೆದು ಬೆಂಗಳೂರು ದಂಡಿಗೂ ಬಂತು.

ತಾಯ್ನಾಡಿಗೆ ಮರಳಿ ಲಂಡನ್ನಿನಲ್ಲಿ ಕುಳಿತ ಬ್ರೂಸನ ಕೈ ಸ್ಪೇನಿನ ಊಯೆಲ್ವಾವರೆಗೂ ಚಾಚಿತ್ತು. ರಿಯೊ ಟಿಂಟೊ ಗಣಿಯ ಅದಿರನ್ನು ಹಡಗಿಗೆ ತುಂಬುವ ಕಟ್ಟೆ ಅಲ್ಲಿ ಅವನ ಕೈಯಿಂದಾಯಿತು. ಮೀಟರ್‌ಗೇಜಿನ, ಎಂದರೆ ಒಂದು ಮೀಟರ್ ಅಗಲದ ಹಳಿಯ, ಸೌತ್ ಇಂಡಿಯನ್ ರೈಲ್ವೆಗೂ ಅವನೇ ಸಲಹೆಗಾರ. 1888ರಲ್ಲಿ ಸರ್ ಪದವಿ ಬಂತು.

ಬೇಪೂರಿನ ಮಗ್ಗುಲಿಂದ ಉತ್ತರಕ್ಕೆ ತೆವಳುತ್ತ ಹಳಿ ಮಂಗಳೂರು ಸೇರಲು 1907 ಬಂತು. ಮರುವರ್ಷ ಬ್ರೂಸ್ ತೀರಿಕೊಂಡನು.

ಪುತ್ತೂರಿನ ಸರದಿ ಬರಲು ದೊರೆಗಳ ಆಳ್ವಿಕೆಯೇ ಮುಗಿಯಬೇಕಾಯಿತು. ಮಂಗಳೂರು–ಹಾಸನ ಮಾರ್ಗ ಪೂರ್ತಿಯಾದದ್ದು 1979ರಲ್ಲಿ. ಸುಬ್ರಹ್ಮಣ್ಯ ರೋಡಿನಿಂದ ಸಕಲೇಶಪುರದವರೆಗಿನ 55 ಕಿಲೋಮೀಟರ್ ಘಾಟಿಯಲ್ಲಿ 57 ಸುರಂಗ, 109 ಸೇತುವೆ. ಬ್ರೂಸನ ಮದ್ರಾಸು ಬಯಲಿನ ಕೆಲಸ ಇದರ ಮುಂದೆ ಮಕ್ಕಳಾಟವೆನ್ನಬೇಕು. ಆದರೂ ಹಾಸಿದ್ದು ಮೀಟರ್‌ಗೇಜು. ಒಂದರ ಬೋಗಿ ಇನ್ನೊಂದರ ಹಳಿಗೆ ಒಗ್ಗದೆ, ಮದ್ರಾಸಿನ ಕಡೆಗೆ ಹೋಗುವವರು ಮಂಗಳೂರಿನಲ್ಲಿ ಗಾಡಿ ಬದಲಿಸಬೇಕಿತ್ತು. ಮಾರ್ಗವನ್ನು ಅಗಲಿಸಿ, 2006ರಲ್ಲಿ ಸರಕಿನ ಗಾಡಿಗೂ 2007ರ ಡಿಸೆಂಬರಿನಲ್ಲಿ ಪ್ರಯಾಣಿಕರಿಗೂ ತೆರೆದ ಮೇಲೆಯೇ ಆ ಐದೂವರೆ ಅಡಿ ಕಬಕ ಪುತ್ತೂರು ನಿಲ್ದಾಣವನ್ನು ಹಾದು ಘಟ್ಟ ಹತ್ತಿದ್ದು.