ಭರತೇಶ ವೈಭವವೂ ಅದರ ಓದುಗರೂ

ಒಂದು ಕಾವ್ಯದ ಹಣೆಬರಹವನ್ನು ಬರೆಯುವವರು ಯಾರು? ಕವಿಯೇ, ಗುರುಪೀಠವೇ, ಅರಸನೇ, ಅಥವಾ ಹೆಸರಿಲ್ಲದ ಕೇಳುಗನೇ? ಈ ಪ್ರಶ್ನೆಯನ್ನೆತ್ತಿಕೊಂಡವರಿಗೆ ಮೂಡುಬಿದಿರೆಯ ರತ್ನಾಕರವರ್ಣಿಯ ‘ಭರತೇಶ ವೈಭವ’ದಷ್ಟು ಸ್ವಾರಸ್ಯವಾದ ನಿದರ್ಶನ ಮತ್ತೊಂದು ಸಿಕ್ಕುವುದು ಕಷ್ಟ.

ರತ್ನಾಕರನು ಹದಿನಾರನೆಯ ಶತಮಾನದವನು. ಅವನ ‘ತ್ರಿಲೋಕ ಶತಕ’ದ ಕಾಲ ಕ್ರಿ. ಶ. ೧೫೫೭, ಭರತೇಶ ವೈಭವವೂ ಅದರ ಆಸುಪಾಸಿನದೇ. ಸುಮಾರು ೧೦,೦೦೦ ಸಾಂಗತ್ಯ ಪದ್ಯಗಳ ಈ ಮಹಾಕಾವ್ಯದಲ್ಲಿ ಅದ್ಭುತಕ್ಕೆ ಕೊರತೆಯೆಂಬುದಿಲ್ಲ. ಚಕ್ರರತ್ನವನ್ನು ಮುಂದಿಟ್ಟುಕೊಂಡು ಆರು ಖಂಡಗಳನ್ನು ಗೆಲ್ಲಲು ಹೊರಟ ಚಕ್ರವರ್ತಿ, ವಿಜಯಾರ್ಧ ಪರ್ವತದ ವಜ್ರಕಪಾಟ, ನವನಿಧಿಗಳು, ತೊಂಬತ್ತಾರು ಸಾವಿರ ರಾಣಿಯರು, ಗಿಳಿಯೊಡನೆ ಮನಸ್ಸು ಬಿಚ್ಚಿ ಮಾತಾಡುವ ಕುಸುಮಾಜಿ! ಸಾಹಸದ ಕಥೆ ಬೇಕೆಂದವನಿಗೆ ಸಾಹಸವುಂಟು. ಸಂಸಾರದ ಸವಿ ಬೇಕೆಂದವನಿಗೆ ಅದೂ ಉಂಟು. ಇಷ್ಟರ ನಡುವೆಯೂ ಆತ್ಮಧ್ಯಾನವನ್ನು ಬಿಡದ ರಾಜಯೋಗಿಯ ಚಿತ್ರವೇ ಕವಿಯ ಗುರಿ.

ಈ ಕವಿಗೆ ಓದುಗರ ಅಭಿಪ್ರಾಯದ ಚಿಂತೆ ಮೊದಲಿನಿಂದಲೂ ಇತ್ತು. ಕನ್ನಡಿಗರು, ತೆಲುಗರು, ತುಳುವರು ಮೂವರೂ ತಮ್ಮ ತಮ್ಮ ನುಡಿಯಲ್ಲೇ ‘ಭೇಷ್’ ಎಂದು ಹಿಗ್ಗಿ ಕೇಳುವಂತಿರಬೇಕು ತನ್ನ ಕಾವ್ಯ ಎಂದು ಆರಂಭದಲ್ಲೇ ಆಶಿಸಿ, ಆ ಮೂರು ಭಾಷೆಗಳ ಉದ್ಗಾರಗಳನ್ನು ಒಂದೇ ಪದ್ಯದಲ್ಲಿ ಪೋಣಿಸಿಟ್ಟಿದ್ದಾನೆ. ಪಂಡಿತರ ತಲೆದೂಗಿಗೆ ಕಾಯದೆ ಬೀದಿಯ ಜನರ ಮೆಚ್ಚಿಗೆಯನ್ನು ಅವರವರ ಬಾಯಿಮಾತಿನಲ್ಲೇ ಬಯಸಿದ ಕವಿ ಇವನು. ಹಾಡಿ ಕೇಳಿಸಬಹುದಾದ ಸಾಂಗತ್ಯವನ್ನು ಆರಿಸಿಕೊಂಡದ್ದೂ ಈ ಬಯಕೆಗೆ ತಕ್ಕದ್ದೇ.

ಆದರೆ ಮೊದಲ ತೀರ್ಪು ಬೇರೆಯೇ ಆಯಿತೆಂದು ದೇವಚಂದ್ರನ ‘ರಾಜಾವಳಿ ಕಥೆ’ ಹೇಳುತ್ತದೆ. ಕಾವ್ಯವನ್ನು ಆನೆಯ ಮೇಲಿಟ್ಟು ಮೆರವಣಿಗೆ ಮಾಡಿಸಬೇಕೆಂದು ರತ್ನಾಕರನು ಕೇಳಿದನಂತೆ. ಎರಡು ಮೂರು ಪದ್ಯಗಳು ಶಾಸ್ತ್ರಕ್ಕೆ ವಿರುದ್ಧವಾಗಿವೆ, ಆಗದು ಎಂದರಂತೆ ಗುರು ವಿಜಯಕೀರ್ತಿಗಳು. ವಾದ ಜಗಳವಾಯಿತು. ಶ್ರಾವಕರು ಯಾರೂ ಅವನಿಗೆ ಅನ್ನವಿಕ್ಕಬಾರದೆಂದು ಕಟ್ಟಪ್ಪಣೆಯಾಯಿತು. ಅಕ್ಕನ ಮನೆಯೊಂದೇ ಆಸರೆಯಾಗಿ, ಕಡೆಗೆ ಕವಿ ಮನನೊಂದು ವೀರಶೈವ ಮತವನ್ನು ಹಿಡಿದನಂತೆ. ಮುಂದೆ ಜಿನಮತಕ್ಕೆ ಮರಳಿದನೆಂದೂ ಪ್ರತೀತಿಯಿದೆ.

ರಾಜಾವಳಿ ಕಥೆ ಹುಟ್ಟಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಕವಿಗೂ ಈ ಕಥೆಗಾರನಿಗೂ ನಡುವೆ ಮುನ್ನೂರು ವರ್ಷಗಳ ಹತ್ತಿರದ ಅಂತರ. ಆದುದರಿಂದ ಇದನ್ನು ನಡೆದ ಸಂಗತಿಯೆಂದೇ ಸಾಧಿಸಲಾಗದು. ಆದರೂ ಇಂಥ ಕಥೆ ಸುಮ್ಮನೆ ಹುಟ್ಟುವುದಿಲ್ಲ. ಹತ್ತು ಸಾವಿರ ಪದ್ಯಗಳಲ್ಲಿ ಎರಡು ಮೂರನ್ನು ಹಿಡಿದು ಇಡೀ ಕೃತಿಯನ್ನು ತಳ್ಳಬಹುದೇ ಎಂಬ ನೋವು ಅದರಲ್ಲಿದೆ. ಅನ್ನ ನಿಲ್ಲಿಸುವುದಕ್ಕಿಂತ ಕಠೋರವಾದ ವಿಮರ್ಶೆ ಯಾವುದು?

ಸಂಪ್ರದಾಯಸ್ಥರಿಗೆ ಸಂಕೋಚವಾಗಲು ಕಾವ್ಯದಲ್ಲಿ ಕಾರಣವೂ ಇತ್ತು. ಪಂಪನ ‘ಆದಿಪುರಾಣ’ದಲ್ಲಿ (೯೪೧) ಭರತನು ತಮ್ಮ ಬಾಹುಬಲಿಯೊಡನೆ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಲ್ಲಿ ಸೋತು, ಸಿಟ್ಟಿನಲ್ಲಿ ಚಕ್ರವನ್ನೇ ಪ್ರಯೋಗಿಸುತ್ತಾನೆ. ರತ್ನಾಕರನು ಆ ಯುದ್ಧವನ್ನೇ ಕೈಬಿಟ್ಟ. ಅವನ ಭರತ ಮೃದುವಾದ ಮಾತಿನಿಂದ ತಮ್ಮನ ಮನಸ್ಸನ್ನು ಕರಗಿಸುತ್ತಾನೆ. ಇದನ್ನು ಎಲ್ಲಿ ಕುಳಿತು ಬರೆದನೆಂಬುದನ್ನು ನೆನೆದರೆ ಅವನ ಎದೆಗಾರಿಕೆ ತಿಳಿಯುತ್ತದೆ. ಅನತಿ ದೂರದ ಕಾರ್ಕಳದಲ್ಲಿ ೧೪೩೨ರಲ್ಲೇ ಗೊಮ್ಮಟನ ಪ್ರತಿಷ್ಠೆಯಾಗಿತ್ತು. ೧೬೦೪ರಲ್ಲಿ ವೇಣೂರಿನಲ್ಲಿ ಇನ್ನೊಂದು ವಿಗ್ರಹ ನಿಂತಿತು. ಗೆದ್ದು ತೊರೆದ ತಮ್ಮನನ್ನು ಬೆಟ್ಟದೆತ್ತರಕ್ಕೆ ನಿಲ್ಲಿಸಿ ಪೂಜಿಸಿದ ನಾಡಿನಲ್ಲಿ, ಸೋತ ಅಣ್ಣನನ್ನು ನಾಯಕನನ್ನಾಗಿ ಎತ್ತಿ ಹಿಡಿದ ಕಾವ್ಯವಿದು.

ಹೊಸಗಾಲದ ಓದುಗರಲ್ಲಿಯೂ ಎರಡು ಪಕ್ಷಗಳುಂಟು. ಭರತನಿಗೆ ಕುಂದೇ ಇಲ್ಲದಿರುವುದರಿಂದ ಕಥೆಯಲ್ಲಿ ಘರ್ಷಣೆ ಸಾಲದು, ಭೋಗವರ್ಣನೆ ಅತಿಯಾಯಿತು ಎಂಬುದು ಒಂದು ಪಕ್ಷ. ಇದು ತಳ್ಳಿಹಾಕುವ ಮಾತಲ್ಲ; ಪಂಪನ ಭರತನು ಸೋತು ನಾಚಿದಾಗ ನಮಗೆ ಹತ್ತಿರವಾಗುವಷ್ಟು ರತ್ನಾಕರನ ಭರತನು ಗೆದ್ದಾಗಲೂ ಆಗುವುದಿಲ್ಲ. ಭೋಗವನ್ನೂ ಯೋಗವನ್ನೂ ಒಂದೇ ಬಾಳಿನಲ್ಲಿ ಹೊಂದಿಸಿದ ದರ್ಶನವಿದು, ಇದನ್ನು ಸಂಸಾರಿಗಳ ಪುರಾಣವೆನ್ನಬೇಕು ಎಂಬುದು ಇನ್ನೊಂದು ಪಕ್ಷ. ಮನೆಮಾತಿನ ಹದ, ತಿಳಿಯಾದ ಶೈಲಿ ಇವುಗಳ ವಿಷಯದಲ್ಲಿ ಮಾತ್ರ ಎರಡು ಪಕ್ಷದವರೂ ಒಂದಾಗುತ್ತಾರೆ.

ಓಲೆಗರಿಯ ಕಾಲದಲ್ಲಿ ಓದುಗನ ಅಭಿಪ್ರಾಯವೆಂದರೆ ಪ್ರತಿ ಮಾಡಿಸುವುದೇ. ಯಾರಿಗೂ ಬೇಡವಾದದ್ದು ಹುಳುವಿನ ಪಾಲಾಗುತ್ತಿತ್ತು. ಇಷ್ಟು ದೊಡ್ಡ ಕಾವ್ಯವನ್ನು ಕಂಟದಿಂದ ಗರಿಗರಿಯಾಗಿ ಕೊರೆದು ಉಳಿಸಿದವರ ಹೆಸರು ಯಾವ ಚರಿತ್ರೆಯಲ್ಲಿಯೂ ಇಲ್ಲ. ಮುಂದೆ ಅದು ಅಚ್ಚಾಯಿತು, ಹಿಂದಿಗೂ ಹೋಯಿತು. ಮೂಡುಬಿದಿರೆಯ ಆಳ್ವಾಸ್ ನುಡಿಸಿರಿ ಸಮ್ಮೇಳನದಲ್ಲಿ ಮುಖ್ಯ ವೇದಿಕೆಗೆ ರತ್ನಾಕರವರ್ಣಿಯ ಹೆಸರನ್ನೇ ಇಟ್ಟರು. ಆನೆಯ ಮೆರವಣಿಗೆ ದೊರೆಯದಿದ್ದರೇನು? ಕವಿ ಕೇಳಿದ್ದು ಮೂರು ನುಡಿಯ ಜನರ ಮೆಚ್ಚಿಗೆಯನ್ನು. ಅದನ್ನು ಕೊಡುವ ಅಧಿಕಾರ ಜನರ ಕೈಯಲ್ಲೇ ಉಳಿಯಿತು.