ಈಜು, ಶಿಸ್ತು ಮತ್ತು ಬೆತ್ತ

ಮಕ್ಕಳಿಗೆ ಓದುಬರಹದೊಡನೆ ಈಜನ್ನೂ ಕಲಿಸಬೇಕೆಂಬ ವಿಚಾರ ಬಹಳ ಪ್ರಾಚೀನವಾದುದು. ರೋಮಿನ ಹಿರಿಯ ಕೇಟೋ ತನ್ನ ಮಗನಿಗೆ ಅಕ್ಷರಾಭ್ಯಾಸವನ್ನೂ, ಟೈಬರ್ ನದಿಯ ಸುಳಿ-ಸೆಳವುಗಳಲ್ಲಿ ಈಜುವುದನ್ನೂ ತಾನೇ ಕಲಿಸಿದನೆಂದು ಪ್ಲೂಟಾರ್ಕ್ ಬರೆದಿದ್ದಾನೆ. ಮನೆಯಲ್ಲಿಯೇ ವಿದ್ಯಾವಂತನಾದ ಗುಲಾಮನೊಬ್ಬನಿದ್ದನು. ಆದರೆ ಮಗನು ಪಾಠದಲ್ಲಿ ಹಿಂದುಳಿದಾಗ ಅನ್ಯನೊಬ್ಬನು ಅವನನ್ನು ಗದರಿಸುವುದಾಗಲಿ, ಕಿವಿ ಹಿಂಡುವುದಾಗಲಿ ಕೇಟೋಗೆ ಸಮ್ಮತವಿರಲಿಲ್ಲ.

ಇದಕ್ಕೆ ತೀರ ಭಿನ್ನವಾದ ನಿದರ್ಶನವೊಂದು ಇಂಗ್ಲೆಂಡಿನ ಇತಿಹಾಸದಲ್ಲಿದೆ. 1571ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯವು ತನ್ನ ವಿದ್ಯಾರ್ಥಿಗಳು ಆ ಪ್ರಾಂತದ ಯಾವುದೇ ನದಿ, ಕೊಳಗಳಿಗೆ ಇಳಿಯಕೂಡದೆಂದು ಆಜ್ಞೆ ಹೊರಡಿಸಿತು. ಮೊದಲ ತಪ್ಪಿಗೆ ಎಲ್ಲರೆದುರು ಚಾವಟಿಯೇಟು, ಎರಡನೆಯ ತಪ್ಪಿಗೆ ಉಚ್ಚಾಟನೆ! ಸೋಜಿಗವೆಂದರೆ, ಅದೇ ಕೇಂಬ್ರಿಜ್‌ನ ವಿದ್ವಾಂಸ ಎವರಾರ್ಡ್ ಡಿಗ್ಬಿ 1587ರಲ್ಲಿ ಈಜುವ ಕಲೆಯನ್ನು ಕುರಿತು ಲ್ಯಾಟಿನ್ ಭಾಷೆಯಲ್ಲಿ ಸಚಿತ್ರ ಗ್ರಂಥವನ್ನೇ ಪ್ರಕಟಿಸಿದನು. ನೀರಿಗಿಳಿಯುವವನು ತನಗಿಂತ ಎತ್ತರದ, ಬಲಶಾಲಿಯಾದ ಜೊತೆಗಾರನನ್ನು ಕರೆದೊಯ್ಯಬೇಕೆಂದು ಆತ ತಿಳಿಸಿದನು. ಚಾವಟಿ ಮಾಡಲಾಗದ ರಕ್ಷಣೆಯನ್ನು ವಿದ್ಯೆ ಮಾಡಬಲ್ಲದೆಂಬುದನ್ನು ಆತನು ಅರಿತಿದ್ದನು.

18ನೆಯ ಶತಮಾನದಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಸೂಚಿಸಿದ ಉಪಾಯ ಇನ್ನೂ ಸೊಗಸಾದುದು. ಎದೆಮಟ್ಟದ ನೀರಿನವರೆಗೆ ನಡೆದುಹೋಗಿ, ದಡದ ಕಡೆಗೆ ತಿರುಗಿ, ಎದುರಿಗೆ ಒಂದು ಮೊಟ್ಟೆಯನ್ನು ನೀರಿಗೆ ಹಾಕಿ, ಮುಳುಗಿ ಅದನ್ನು ಹೆಕ್ಕಲು ಯತ್ನಿಸಬೇಕು. ಆಗ ನೀರು ನಮ್ಮನ್ನು ಕೆಳಗೆಳೆಯದೆ ಮೇಲಕ್ಕೆತ್ತುವುದೆಂಬ ಸತ್ಯ ಸ್ವಾನುಭವದಿಂದಲೇ ಮನದಟ್ಟಾಗುತ್ತದೆ. ಭಯವನ್ನು ಗದರಿಕೆಯಿಂದಲ್ಲ, ತಿಳಿವಿನಿಂದ ಕಳೆಯುವ ಕ್ರಮವಿದು.

ನಮ್ಮ ಹಳ್ಳಿಗಳ ಬಾವಿಗಳಲ್ಲಿ ಎರಡು ಪದ್ಧತಿಗಳೂ ಇದ್ದುವು. ಒಣಗಿದ ಸೋರೆಬುರುಡೆಯನ್ನು ಬೆನ್ನಿಗೆ ಕಟ್ಟಿ, ಹಗ್ಗ ಹಿಡಿದು ಕಲಿಸುವ ಹಿರಿಯರಿದ್ದರು. ಅಳುವ ಹುಡುಗನನ್ನು ಎತ್ತಿ ನೀರಿಗೆಸೆಯುವವರೂ ಇದ್ದರು. ಎಸೆಯಲ್ಪಟ್ಟವರಲ್ಲಿ ಕೆಲವರು ಈಜುಗಾರರಾದರು. ಕೆಲವರು ಮುಂದೆಂದೂ ಬಾವಿಯ ಬಳಿ ಸುಳಿಯಲಿಲ್ಲ.

ನಮ್ಮ ದೇಶದಲ್ಲಿ 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ಶಾಲಾಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಅದರ ಆಶಯ ಈಜುಕೊಳಕ್ಕೂ ಸಲ್ಲತಕ್ಕದ್ದು. ಹಾಗೆಂದು ಅಲ್ಲಿ ಶಿಸ್ತು ಬೇಡವೆಂದಲ್ಲ. ಜೊತೆಯ ಮಗುವನ್ನು ನೀರಿಗೆ ತಳ್ಳುವುದು, ಒದ್ದೆ ನೆಲದ ಮೇಲೆ ಓಡುವುದು ಪ್ರಾಣಕ್ಕೆ ಸಂಚಕಾರ ತರುವ ಚೇಷ್ಟೆಗಳು. ಅಂಥ ಮಗುವನ್ನು ಕೂಡಲೇ ಮೇಲಕ್ಕೆ ಕರೆದು, ಕೆಲವು ನಿಮಿಷ ಪಕ್ಕದಲ್ಲಿ ಕೂರಿಸಿಕೊಂಡು, ನಿಯಮವನ್ನು ಒಂದೇ ಮಾತಿನಲ್ಲಿ ತಿಳಿಸಿ, ಮತ್ತೆ ನೀರಿಗೆ ಬಿಡಬೇಕು. ರಂಪ ಮಾಡುವ ಮಗುವಿಗೆ ಹಟವೋ ಭಯವೋ ಎಂಬುದನ್ನು ಮೊದಲು ಕಂಡುಕೊಳ್ಳಬೇಕು. ಎರಡೂ ಹೊರನೋಟಕ್ಕೆ ಒಂದೇ ತೆರನಾಗಿ ಕಾಣುತ್ತವೆ.

ಪ್ರಿಯ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಅನೇಕರು ಈಗ ತಾಯ್ತಂದೆಯರು. ಶಿಕ್ಷೆ ಏನೇ ಇರಲಿ, ಅದು ನೀರಿನ ಹೊರಗಿರಲಿ. ತಲೆಯನ್ನು ನೀರಿಗದ್ದುವ ಬೆದರಿಕೆ ಬಾಯಲ್ಲೂ ಬರದಿರಲಿ. ಮುಂದೊಂದು ದಿನ ಮಗುವಿನ ಜೀವವುಳಿಸಬೇಕಾದ ವಿದ್ಯೆಯನ್ನು ನಾವೇ ಅದರ ವೈರಿಯನ್ನಾಗಿಸಬಾರದು.