ಪನಾಷ್: ಒಂದು ಶಬ್ದದ ಚರಿತ್ರೆ

ಒಬ್ಬನ ನಡೆನುಡಿಗಳಲ್ಲಿ ಅಂಜಿಕೆಯಿಲ್ಲದ ಠೀವಿಯೂ ಬೆಡಗೂ ಕೂಡಿ ಕಂಡರೆ ಇಂಗ್ಲಿಷರು ಅದನ್ನು ‘ಪನಾಷ್’ ಎನ್ನುತ್ತಾರೆ. ಮೂಲದಲ್ಲಿ ಇದು ಗುಣದ ಹೆಸರಲ್ಲ, ವಸ್ತುವಿನ ಹೆಸರು. ಯೋಧನ ಶಿರಸ್ತ್ರಾಣದ ಮೇಲಿನ ಗರಿಗಳ ಗುಚ್ಛಕ್ಕೆ, ಎಂದರೆ ನಮ್ಮ ರುಮಾಲಿನ ತುರಾಯಿಯಂಥದಕ್ಕೆ, ಆ ಹೆಸರಿದ್ದಿತು. ಲ್ಯಾಟಿನಿನಲ್ಲಿ ‘ಪಿನ್ನ’ ಎಂದರೆ ಗರಿ. ಅದರಿಂದ ಹುಟ್ಟಿದ ಇಟಾಲಿಯನ್ ಶಬ್ದವು ಫ್ರೆಂಚಿಗೆ ಹೋಗಿ, 16ನೆಯ ಶತಮಾನದಲ್ಲಿ ಇಂಗ್ಲಿಷನ್ನು ಸೇರಿತು. ನಾವು ಬರೆಯುವ ‘ಪೆನ್ನು’ ಸಹ ಇದೇ ವಂಶದ್ದು; ಹಿಂದೆ ಗರಿಯೇ ಲೇಖನಿಯಾಗಿದ್ದಿತಷ್ಟೆ.

ಗರಿಯು ಗುಣವಾದ ಬಗೆ ಹೇಗೆ? 1590ರ ಮಾರ್ಚ್ 14ರಂದು ಈವ್ರಿ ಎಂಬಲ್ಲಿ ಫ್ರಾನ್ಸಿನ ದೊರೆ ನಾಲ್ಕನೆಯ ಹೆನ್ರಿಯು, ತನ್ನ ಪಟ್ಟವನ್ನೊಪ್ಪದ ಕ್ಯಾಥೊಲಿಕ್ ಕೂಟದೊಡನೆ ಯುದ್ಧಮಾಡಿ ಗೆದ್ದನು. ಧ್ವಜಗಳು ಕಾಣದೆಹೋದರೆ ತನ್ನ ಬಿಳಿಯ ತುರಾಯಿಯನ್ನು ಹಿಂಬಾಲಿಸಿರೆಂದು ಆತನು ಸೈನಿಕರಿಗೆ ಹೇಳಿದನೆಂಬುದು ಫ್ರೆಂಚರಲ್ಲಿ ಮನೆಮಾತು. ವಿಚಾರಿಸಿ ನೋಡಿದರೆ, ಸ್ವಪಕ್ಷಕ್ಕೆ ಗುರುತಾದ ತುರಾಯಿಯು ಶತ್ರುವಿಗೂ ಗುರಿಯೇ ಸರಿ. ಅದನ್ನು ಧರಿಸುವುದೆಂದರೆ ಅಪಾಯವನ್ನು ತಾನಾಗಿ ಕರೆದಂತೆ.

ಈ ಮರ್ಮವನ್ನು ಚೆನ್ನಾಗಿ ಅರಿತವನು ಎಡ್ಮಂಡ್ ರೊಸ್ತಾನ್. 1897ರ ಡಿಸೆಂಬರಿನಲ್ಲಿ ಪ್ಯಾರಿಸಿನ ರಂಗವನ್ನೇರಿದ ಅವನ ‘ಸಿರಾನೊ ದ ಬೆರ್ಜರಾಕ್’ ನಾಟಕದಲ್ಲಿ, ಶತ್ರುಗಳಿಗೆ ತನ್ನ ಗುರುತು ಸಿಕ್ಕದಿರಲೆಂದು ಒಬ್ಬ ಸೇನಾಧಿಪತಿಯು ಬಿಳಿಯ ಪಟ್ಟಿಯನ್ನು ಕಳಚಿ ಬಿಸಾಡಿ ಪಾರಾಗುತ್ತಾನೆ. ಹೆನ್ರಿಯಾಗಿದ್ದರೆ ಎಷ್ಟು ಮಂದಿ ಮೇಲೆ ಬಿದ್ದರೂ ತುರಾಯಿಯನ್ನು ತೆಗೆಯುತ್ತಿರಲಿಲ್ಲವೆಂದು ಸಿರಾನೊ ಅವನನ್ನು ಹಂಗಿಸುತ್ತಾನೆ. ಪ್ರೇಮದಲ್ಲಿಯೂ ಕೀರ್ತಿಯಲ್ಲಿಯೂ ಎಲ್ಲವನ್ನೂ ಕಳೆದುಕೊಂಡ ಆ ಕವಿಯೋಧನು, ಸಾಯುವಾಗ ಕಳಂಕವಿಲ್ಲದೆ ಒಯ್ಯುವುದು ಒಂದನ್ನೇ. ‘ಪನಾಷ್’ ಎಂಬುದೇ ನಾಟಕದ ಕಡೆಯ ಮಾತು. 1898ರಲ್ಲಿ ಇದನ್ನು ಇಂಗ್ಲಿಷಿಗೆ ತಂದ ಗ್ಲಾಡಿಸ್ ಥಾಮಸ್ ಮತ್ತು ಮೇರಿ ಗಿಲ್ಲೆಮಾರ್ಡ್ ಆ ಮಾತನ್ನು ಭಾಷಾಂತರಿಸದೆ ಹಾಗೆಯೇ ಉಳಿಸಿದರು. ಇಂಗ್ಲಿಷಿನಲ್ಲಿ ಹೊಸ ಅರ್ಥವು ಬೇರೂರಿದುದು ಈ ನಾಟಕದ ತರುವಾಯ.

1903ರಲ್ಲಿ ಫ್ರೆಂಚ್ ಅಕಾಡೆಮಿಯನ್ನು ಪ್ರವೇಶಿಸುತ್ತ ರೊಸ್ತಾನನು, ಪನಾಷ್ ಎಂಬುದು ಹಿರಿಮೆಯಲ್ಲ, ಹಿರಿಮೆಯ ಮೇಲೆ ಕೂಡಿಬರುವ ಇನ್ನೊಂದು ಎಂಬ ಅಭಿಪ್ರಾಯವನ್ನು ಹೇಳಿದನು. ಇದೇ ಸಾರವೆಂದು ತೋರುತ್ತದೆ. ಇಂದು ಅಡಿಗೆಯವನಿಗೂ ಆಟಗಾರನಿಗೂ ಈ ಮಾತು ಸಲ್ಲುತ್ತದೆ, ಸಲ್ಲಲಿ. ಆದರೆ ಗತ್ತಿಗೂ ಪನಾಷಿಗೂ ಇರುವ ಅಂತರವನ್ನು ಮರೆಯಲಾಗದು. ನೋಡುವವರಿದ್ದರೆ ಗತ್ತು ನಿಲ್ಲುತ್ತದೆ; ಗುರಿಯಿಡುವವರ ಮುಂದೆಯೂ ತುರಾಯಿಯನ್ನು ತೆಗೆಯದವನಿಗೆ ಮಾತ್ರ ಪನಾಷ್ ಉಂಟು.